ಹೆಸರು ಹೇಳದಿರುವ ಹಕ್ಕು, ಹೆಸರು ಬರೆಸಿದರೆ ಬಹುಮಾನ

ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆ ಮುಟ್ಟಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಇಟ್ಟಿತು. 2025ರಲ್ಲಿ ಅದಕ್ಕೆ ‘ರಾಹ್‌ವೀರ್’ ಎಂದು ಹೆಸರಿಟ್ಟು ಮೊತ್ತವನ್ನು 25,000ಕ್ಕೆ ಏರಿಸಿತು. ಹಣ ಬೇಕಾದರೆ ಗಾಯಾಳುವಿಗೆ ದೊಡ್ಡ ಶಸ್ತ್ರಚಿಕಿತ್ಸೆಯೋ ಕನಿಷ್ಠ ಮೂರು ದಿನದ ಆಸ್ಪತ್ರೆವಾಸವೋ ಆಗಿರಬೇಕು, ಇಲ್ಲವೇ ಮಿದುಳಿಗೋ ಬೆನ್ನುಹುರಿಗೋ ಪೆಟ್ಟು ಬಿದ್ದಿರಬೇಕು. ಇಬ್ಬರು ಸೇರಿ ಎತ್ತಿ ತಂದಿದ್ದರೆ ಹಣದಲ್ಲೂ ಇಬ್ಬರಿಗೆ ಪಾಲು. ಪೊಲೀಸರು ಹೆಸರು, ವಿಳಾಸ, ಮೊಬೈಲ್ ನಂಬರ್ ಬರೆದುಕೊಂಡು ಪತ್ರ ಕೊಡಬೇಕು, ಜಿಲ್ಲಾಧಿಕಾರಿಯ ಸಮಿತಿ ಅದನ್ನು ಒಪ್ಪಬೇಕು. ಎರಡೇ ದಿನಕ್ಕೆ ಗಾಯಾಳು ಚೇತರಿಸಿಕೊಂಡು ಮನೆಗೆ ನಡೆದರೆ? ಉಪಕಾರ ಮಾಡಿದವನಿಗೆ ಅದೂ ಒಂದು ನಷ್ಟವೇ!

ಕಾನೂನು ಹೇಳುವುದು ಇದಕ್ಕೆ ತೀರಾ ಉಲ್ಟಾ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನ ಪ್ರಕಾರ ‘ಗುಡ್ ಸಮಾರಿಟನ್’ ಎಂದರೆ ಯಾವ ಪ್ರತಿಫಲವನ್ನೂ ಬಯಸದೆ ನೆರವಿಗೆ ಬಂದವನು. 2020ರ ನಿಯಮಗಳ ಪ್ರಕಾರ ಅವನು ಹೆಸರು, ವಿಳಾಸ ಹೇಳಲೇಬೇಕಿಲ್ಲ. ತಾನಾಗಿ ಸಾಕ್ಷಿಯಾಗಲು ಒಪ್ಪಿದರೂ ಪೊಲೀಸರೇ ಸಾದಾ ಉಡುಪಿನಲ್ಲಿ ಅವನ ಮನೆಗೋ ಕೆಲಸದ ಜಾಗಕ್ಕೋ ಬಂದು, ಒಂದೇ ಸಲಕ್ಕೆ ಹೇಳಿಕೆ ಮುಗಿಸಬೇಕು. ಅವನ ಭಾಷೆ ಬೇರೆಯಾದರೆ ದುಭಾಷಿಯನ್ನೂ ಒದಗಿಸಬೇಕು. ದೆಹಲಿಯ ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಈ ಮಾತು ಎತ್ತಿದರೆ ಜನ ನಗಬಹುದು, ಆದರೆ ನಿಯಮ ಹಾಗೇ ಇದೆ. ಒಂದು ಕೈ ಅಜ್ಞಾತವಾಗಿರುವ ಹಕ್ಕು ಕೊಡುತ್ತದೆ, ಇನ್ನೊಂದು ಕೈ ಅದನ್ನು ಬಿಟ್ಟುಕೊಟ್ಟರೆ ದುಡ್ಡು ಎನ್ನುತ್ತದೆ. ಎರಡರಲ್ಲಿ ಮೊದಲನೆಯದೇ ಬೆಲೆಯುಳ್ಳದ್ದು ಎಂಬುದು ನನ್ನ ಎಣಿಕೆ.

ಯಾಕೆಂದರೆ ಆ ಹಕ್ಕಿನ ಹಿಂದೆ ಸಾವುಗಳಿವೆ. ಕಾರು ಬಡಿದು ಬಿದ್ದ ಸ್ಕೂಟರ್ ಸವಾರನೊಬ್ಬನನ್ನು ಯಾರೋ ಎತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದರು. ಇದು ಪೊಲೀಸ್ ಕೇಸು, ಇಪ್ಪತ್ತು ಕಿಲೋಮೀಟರ್ ಆಚೆಯ ಇನ್ನೊಂದು ಆಸ್ಪತ್ರೆಗೆ ಒಯ್ಯಿರಿ ಎಂದರು ವೈದ್ಯರು. ದಾರಿಯಲ್ಲೇ ಅವನ ಉಸಿರು ನಿಂತಿತು. ಪತ್ರಿಕೆಯಲ್ಲಿ ಬಂದ ಈ ವರದಿಯನ್ನು ಹಿಡಿದು ವಕೀಲ ಪರಮಾನಂದ ಕಟಾರಾ ಸುಪ್ರೀಂ ಕೋರ್ಟಿಗೆ ಹೋದರು. ಮೊದಲು ಜೀವ, ಆಮೇಲೆ ಕಾಗದಪತ್ರ ಎಂದು 1989ರಲ್ಲಿ ತೀರ್ಪು ಬಂತು. ಅದು ವೈದ್ಯರನ್ನು ಕಟ್ಟಿಹಾಕಿತು, ಎತ್ತಿ ತಂದವರಿಗೆ ಅಭಯ ಕೊಡಲಿಲ್ಲ. 2007ರಲ್ಲಿ ಪೀಯೂಷ್ ತಿವಾರಿಯವರ ಬಂಧು, ಶಾಲೆಯಿಂದ ಮನೆಗೆ ಹೊರಟಿದ್ದ ಹುಡುಗ, ರಸ್ತೆಯಲ್ಲಿ ನೆರವು ಸಿಗದೆ ಸತ್ತ. ಮರುವರ್ಷ ತಿವಾರಿ ‘ಸೇವ್‌ಲೈಫ್ ಫೌಂಡೇಶನ್’ ಕಟ್ಟಿದರು, 2012ರಲ್ಲಿ ಕೋರ್ಟಿಗೆ ಹೋದರು. ನೆರವಿಗೆ ಬಂದವರ ರಕ್ಷಣೆಗೆ ಸರ್ಕಾರ ಹೊರಡಿಸಿದ್ದ ಮಾರ್ಗಸೂಚಿಗಳು ಎಲ್ಲರಿಗೂ ಕಡ್ಡಾಯವೆಂದು 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ಅರ್ಜಿಯ ಫಲ.

ಅದಾಗಿ ಐದು ತಿಂಗಳು ತುಂಬುವ ಮೊದಲೇ, ಆಗಸ್ಟಿನ ಒಂದು ನಸುಕಿನಲ್ಲಿ, ಪಶ್ಚಿಮ ದೆಹಲಿಯ ಸುಭಾಷ್ ನಗರದ ಸಿಸಿಟಿವಿಯಲ್ಲಿ ಎಲ್ಲವೂ ದಾಖಲಾಯಿತು. ನಡೆದು ಹೋಗುತ್ತಿದ್ದವನಿಗೆ ಟೆಂಪೋ ಗುದ್ದುತ್ತದೆ. ಚಾಲಕ ಇಳಿದು ನೋಡಿ, ಮತ್ತೆ ಹತ್ತಿ ಹೊರಡುತ್ತಾನೆ. ವಾಹನಗಳು ಹಾಯುತ್ತವೆ, ಜನ ಹಾಯುತ್ತಾರೆ. ಒಬ್ಬ ಮಾತ್ರ ನಿಲ್ಲುತ್ತಾನೆ. ನಿಂತು, ಬಿದ್ದವನ ಮೊಬೈಲ್ ಎತ್ತಿಕೊಂಡು ಹೋಗುತ್ತಾನೆ. ಈ ದೃಶ್ಯ ನೋಡಿ ‘ದಿಲ್ಲಿಗೆ ಕರುಳಿಲ್ಲ’ ಎಂದವರು ಬಹಳ. ನನಗೆ ಆ ತೀರ್ಮಾನ ಅಗ್ಗದ್ದು ಎನಿಸುತ್ತದೆ. ಮೊಬೈಲ್ ಕದ್ದವನನ್ನು ಯಾವ ಕಲಮೂ ತಿದ್ದಲಾರದು, ನಿಜ. ಆದರೆ ಹಾದುಹೋದ ಉಳಿದವರಲ್ಲಿ ಎಷ್ಟು ಮಂದಿಗೆ ಕಾನೂನು ತಮ್ಮ ಬೆನ್ನಿಗಿದೆ ಎಂಬುದು ಗೊತ್ತಿತ್ತು? ಎರಡು ವರ್ಷದ ನಂತರ, 2018ರಲ್ಲಿ, ಸೇವ್‌ಲೈಫ್ ಹಲವು ನಗರಗಳಲ್ಲಿ ಸಮೀಕ್ಷೆ ಮಾಡಿದಾಗ ಶೇ. 84 ಮಂದಿಗೆ ಈ ರಕ್ಷಣೆ ಇರುವುದೇ ಗೊತ್ತಿರಲಿಲ್ಲ. ಈ ಹಕ್ಕುಗಳ ಪಟ್ಟಿಯನ್ನು ಆಸ್ಪತ್ರೆಗಳು ಬಾಗಿಲಲ್ಲಿ ಎದ್ದು ಕಾಣುವಂತೆ ಹಿಂದಿ, ಇಂಗ್ಲಿಷ್, ಸ್ಥಳೀಯ ಭಾಷೆಯಲ್ಲಿ ಹಾಕಬೇಕೆಂದು ನಿಯಮವಿದೆ. ಬಹುಮಾನದ ಜಾಹೀರಾತಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಈ ಬೋರ್ಡಿಗೆ ಹೋಗಿದ್ದರೂ ಆಗುತ್ತಿತ್ತು.

ಇಷ್ಟರ ಮೇಲೂ ಕ್ಯಾಶುವಾಲ್ಟಿಯ ಕೌಂಟರಿನಲ್ಲಿ ಒಂದು ಪ್ರಶ್ನೆ ಕಾದಿರುತ್ತದೆ: ‘ಆಪ್ ಇನ್‌ಕೇ ಕ್ಯಾ ಲಗ್ತೇ ಹೈಂ?’ ನೀವು ಇವರಿಗೆ ಏನಾಗಬೇಕು? ಅಂಗಿ ತುಂಬ ಬೇರೆಯವರ ರಕ್ತ ಮೆತ್ತಿಕೊಂಡು ನಿಂತವನಿಗೆ ಅದು ಕೇಳಿಸುವುದು ‘ದುಡ್ಡು ಯಾರು ಕಟ್ಟುತ್ತಾರೆ’ ಎಂದೇ. ಖರ್ಚಿಗೆ ಅವನನ್ನು ಹಿಡಿದು ನಿಲ್ಲಿಸುವಂತಿಲ್ಲ ಎಂದು ನಿಯಮವಿದ್ದರೂ ಆ ಗಳಿಗೆಯಲ್ಲಿ ಅದನ್ನು ಓದಿ ಹೇಳುವವರು ಯಾರು? ಹಾಗಾಗಿ ತಂದವನಿಗಿಂತ ಬಿದ್ದವನ ಬಿಲ್ಲಿಗೆ ಹಣ ಕೊಡುವ ಯೋಜನೆಗಳೇ ಹೆಚ್ಚು ವಿವೇಕದವು. ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾದರೂ ಅಂಗದಾನ ಮಾಡಿ ಎಂದು ಬೇಡಿಕೊಂಡ ಹರೀಶ್ ಅವರ ಹೆಸರಿನಲ್ಲಿ ಕರ್ನಾಟಕ 2016ರಲ್ಲೇ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಭರಿಸುವ ಯೋಜನೆ ತಂದಿತ್ತು. ದೆಹಲಿಯ ‘ಫರಿಶ್ತೇ ದಿಲ್ಲಿ ಕೇ’ ಖಾಸಗಿ ಆಸ್ಪತ್ರೆಗಳಲ್ಲೂ ಉಚಿತ ಚಿಕಿತ್ಸೆ ಕೊಡಿಸಿತು. ಆದರೆ ಆಸ್ಪತ್ರೆಗಳ ಬಾಕಿ ಉಳಿದು 2023ರ ಕೊನೆಗೆ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಮೇಲಾಗಿ ಅದು ದೆಹಲಿಯದು. ಗುರುಗ್ರಾಮದಲ್ಲಿ ಬಿದ್ದರೆ ಹರಿಯಾಣ, ನೋಯ್ಡಾದಲ್ಲಿ ಬಿದ್ದರೆ ಉತ್ತರ ಪ್ರದೇಶ. ಒಂದೇ ಊರಿನಂತೆ ಬದುಕುವ ಜನಕ್ಕೆ ಮೂರು ಸರ್ಕಾರ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ನಗದುರಹಿತ ಯೋಜನೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ದೇಶಕ್ಕೆಲ್ಲ ಒಂದೇ ಅಳತೆಯಲ್ಲಿ ಕೊಡುತ್ತದೆ. ಆಸ್ಪತ್ರೆಗಳಿಗೆ ಆ ಹಣ ವೇಳೆಗೆ ಸರಿಯಾಗಿ ತಲುಪಿದರೆ ಕೌಂಟರಿನ ಆ ಪ್ರಶ್ನೆಯ ಮೊನೆ ಮುರಿಯುತ್ತದೆ. ಎತ್ತಿ ತಂದವನು ಕೈ ತೊಳೆದುಕೊಂಡು, ಯಾರಿಗೂ ಹೆಸರು ಹೇಳದೆ ತನ್ನ ಕೆಲಸಕ್ಕೆ ಹೋಗಬಹುದು.