ಪಿಸ್ತೂಲಿಗೋ, ರೈಫಲ್ಲಿಗೋ?

ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಬಂದೂಕಿನ ಗುಂಡು ಸಿಗುವುದು ಗಾಳ, ಡೇರೆ, ಬೇಸ್‌ಬಾಲ್ ಗ್ಲೌಸುಗಳ ಸಾಲಿನ ಕೊನೆಯಲ್ಲಿ. ಗಾಜಿನ ಕಪಾಟು, ಅದಕ್ಕೆ ಬೀಗ. ಬೀಗದ ಕೈ ಇಟ್ಟುಕೊಂಡವರು ಮಾತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಯಾರನ್ನಾದರೂ ಹಿಡಿದು ಹೇಳಬೇಕು, ಅವರು ಧ್ವನಿವರ್ಧಕದಲ್ಲಿ ಕೂಗಬೇಕು, ಗಿರಾಕಿ ಕಪಾಟಿನ ಮುಂದೆ ಕಾಯುತ್ತ ನಿಲ್ಲಬೇಕು. ಹಾಲು, ಮೊಟ್ಟೆ, ಮಗುವಿನ ಡೈಪರು ತುಂಬಿದ ಗಾಡಿಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಗುಂಡಿಗೆ ಕಾಯುವವನನ್ನು ಜನ ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಕೊನೆಗೆ ಪೇಂಟ್ ವಿಭಾಗದಿಂದಲೋ ಆಟಿಕೆಗಳ ವಿಭಾಗದಿಂದಲೋ ಒಬ್ಬರು ಬಂದು ಬೀಗ ತೆಗೆಯುತ್ತಾರೆ. ಗುಂಡಿನ ಬಗ್ಗೆ ಅವರಿಗೆ ತಿಳಿದಿರಲೇಬೇಕೆಂದೇನೂ ಇಲ್ಲ. ಗುರುತಿನ ಚೀಟಿ ನೋಡಿ ಅವರು ಬಹುಕಾಲ ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಪಿಸ್ತೂಲಿಗೋ, ರೈಫಲ್ಲಿಗೋ?

ಈ ಪ್ರಶ್ನೆಯ ಮೂಲ 1968ರ ಗನ್ ಕಂಟ್ರೋಲ್ ಆಕ್ಟ್‌ನಲ್ಲಿದೆ. ಪರವಾನಗಿ ಇರುವ ವ್ಯಾಪಾರಿ ರೈಫಲ್ ಮತ್ತು ಶಾಟ್‌ಗನ್ ಗುಂಡುಗಳನ್ನು 18 ತುಂಬಿದವರಿಗೆ ಮಾರಬಹುದು, ಪಿಸ್ತೂಲಿನ ಗುಂಡು ಬೇಕಾದರೆ 21 ತುಂಬಿರಬೇಕು ಎಂದು ಆ ಕಾನೂನು ಹೇಳುತ್ತದೆ. ಹೇಳುವುದೇನೋ ಸರಿ, ಆದರೆ ಅತಿ ಅಗ್ಗದ, ಅತಿ ಸಾಮಾನ್ಯವಾದ .22 ಲಾಂಗ್ ರೈಫಲ್ ಗುಂಡು ಎರಡಕ್ಕೂ ಕೂರುತ್ತದೆ. 9 ಎಂಎಂ ಗುಂಡು ಹಾರಿಸುವ ಉದ್ದ ಬಂದೂಕುಗಳೂ ಇವೆ. ಆದ್ದರಿಂದ 18 ಮತ್ತು 21ರ ನಡುವಿನವನು ಬಂದಾಗ, ಅವನು ಒಯ್ಯುವುದು ರೈಫಲ್ಲಿಗೇ ಎಂದು ಮಾರುವವನಿಗೆ ಸಮಾಧಾನವಾದರೆ ಸಾಕು. ಆ ಸಮಾಧಾನ ಹುಟ್ಟುವುದು ಹೇಗೆ? ಕೇಳುವುದರಿಂದ. ಹತ್ತೊಂಬತ್ತರ ಹುಡುಗ ‘ರೈಫಲ್ಲಿಗೆ’ ಎನ್ನುತ್ತಾನೆ. ಬಂದೂಕು ತೋರಿಸಬೇಕಿಲ್ಲ, ಚೀಟಿಗೆ ಸಹಿ ಹಾಕಬೇಕಿಲ್ಲ. ಮೊದಲ ಸಲ ಗೊತ್ತಿಲ್ಲದೆ ‘ಪಿಸ್ತೂಲಿಗೆ’ ಅಂದವನು ಬರಿಗೈಯಲ್ಲಿ ಹೋಗಿ, ಮುಂದಿನ ವಾರ ಬೇರೆ ಅಂಗಡಿಯಲ್ಲಿ ಸರಿಯುತ್ತರ ಕೊಟ್ಟರೆ ಆಯಿತು.

ಒಂದು ಆಚರಣೆಯಾಗಿ ಇದನ್ನು ತೂಗಿ ನೋಡಿದರೆ ನನಗೆ ಕಾಣುವ ದೋಷ ಸುಳ್ಳಿಗೆ ಇರುವ ಅವಕಾಶವಲ್ಲ. ಅದು ಯಾವ ಕಾನೂನಿನಲ್ಲೂ ಇದ್ದದ್ದೇ. ರಾಜ್ಯ ತಾನು ಕೇಳಬೇಕಾದ ಪ್ರಶ್ನೆಯನ್ನು ತಾಸಿನ ಲೆಕ್ಕದಲ್ಲಿ ಸಂಬಳ ಎಣಿಸುವ ನೌಕರನ ಬಾಯಿಗೆ ತುರುಕಿದೆ, ಆದರೆ ಉತ್ತರವನ್ನು ಪರೀಕ್ಷಿಸುವ ಯಾವ ಸಾಧನವನ್ನೂ ಅವನ ಕೈಗೆ ಕೊಟ್ಟಿಲ್ಲ. ಕೇಳುವವನಿಗೂ ಹೇಳುವವನಿಗೂ ಇದು ನಾಟಕವೆಂದು ಗೊತ್ತು. ಕೌಂಟರಿನ ಮುಜುಗರದ ಬೇರು ಇಲ್ಲಿದೆ. ಮೊದಲು ಹೀಗಿರಲಿಲ್ಲ. 1968ರ ಕಾನೂನಿನ ಪ್ರಕಾರ ವ್ಯಾಪಾರಿ ಗುಂಡು ಕೊಂಡವರ ಹೆಸರು, ವಿಳಾಸ, ಹುಟ್ಟಿದ ದಿನವನ್ನು ಪುಸ್ತಕದಲ್ಲಿ ಬರೆಯಬೇಕಿತ್ತು. 1986ರಲ್ಲಿ ಅಮೆರಿಕದ ಕಾಂಗ್ರೆಸ್ ಆ ಪುಸ್ತಕವನ್ನು ಮುಚ್ಚಿತು. ಅಂಚೆಯಲ್ಲಿ ಗುಂಡು ತರಿಸಿಕೊಳ್ಳುವುದಕ್ಕೆ ಇದ್ದ ತಡೆಯನ್ನೂ ಅದೇ ಕಾನೂನಿನಲ್ಲಿ ತೆಗೆಯಿತು. ಪುಸ್ತಕದಿಂದ ಅಪರಾಧ ತಡೆಯಲು ಹೇಳಿಕೊಳ್ಳುವಂಥ ಉಪಯೋಗವಾಗಿಲ್ಲ ಎಂಬ ವಾದ ಪೂರ್ತಿ ಸುಳ್ಳೂ ಅಲ್ಲ. ಬರೆದಿಟ್ಟರೂ ಓದುವವರಿರಲಿಲ್ಲ. ಆದರೆ ಪುಸ್ತಕ ಹೋಗಿ ಬಾಯಿಮಾತು ಉಳಿದದ್ದು ಸುಧಾರಣೆ ಹೇಗಾಯಿತು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಕೇಳುವ ಪ್ರಶ್ನೆಗಿಂತ ಕೇಳದ ಪ್ರಶ್ನೆಗಳೇ ಹೆಚ್ಚು ಕಾಡುತ್ತವೆ. ಪರವಾನಗಿ ಇರುವ ಅಂಗಡಿಯಲ್ಲಿ ಬಂದೂಕು ಕೊಳ್ಳಲು ಹೋದರೆ ಅಮೆರಿಕದಲ್ಲಿ ಫಾರಂ ತುಂಬಬೇಕು, ಎಫ್‌ಬಿಐ ದಾಖಲೆಯಲ್ಲಿ ಹೆಸರು ಹುಡುಕುತ್ತಾರೆ. ಗುಂಡಿಗೆ ಫೆಡರಲ್ ಕಾನೂನಿನಲ್ಲಿ ಅಂಥ ಶೋಧನೆ ಇಲ್ಲ. ಘೋರ ಅಪರಾಧಕ್ಕೆ ಶಿಕ್ಷೆಯಾದವರು ಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ; ಕೌಂಟರಿನಲ್ಲಿ ಅದನ್ನು ಕೇಳುವವರಿಲ್ಲ. ನಮ್ಮವರಿಗೆ ನೇರವಾಗಿ ತಟ್ಟುವ ಸಂಗತಿಯೊಂದಿದೆ. ಎಚ್-1ಬಿ ಥರದ ವೀಸಾದ ಮೇಲೆ ಹೋದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಫೆಡರಲ್ ಅಪರಾಧ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಪಡೆದಿರುವುದು ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಹೀಗಾಗಿ ಡಲ್ಲಾಸಿನಲ್ಲೋ ಆಸ್ಟಿನ್ನಿನಲ್ಲೋ ಇರುವ ಬೆಂಗಳೂರಿನ ಎಂಜಿನಿಯರು ವಾರಾಂತ್ಯದಲ್ಲಿ ಗೆಳೆಯರ ಜತೆ ಗುರಿ ಹೊಡೆಯಲು ಹೋಗಬೇಕಾದರೆ ಮೊದಲು, ಜನ್ಮದಲ್ಲಿ ಒಂದು ಮೊಲವನ್ನೂ ಹೊಡೆಯುವ ಉದ್ದೇಶವಿಲ್ಲದಿದ್ದರೂ, ಬೇಟೆಗಾರನಾಗಬೇಕು. ಸಸ್ಯಾಹಾರಿ ಬೇಟೆಗಾರರನ್ನು ಸೃಷ್ಟಿಸಿದ ಕೀರ್ತಿ ಈ ಕಾನೂನಿಗೆ ಸಲ್ಲಬೇಕು. ಆದರೆ ಆ ಪರವಾನಗಿ ಇಲ್ಲದವನು ಕೌಂಟರಿಗೆ ಹೋಗಿ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಮಾರುವವನು ಹುಟ್ಟಿದ ವರ್ಷ ನೋಡುತ್ತಾನೆ, ವೀಸಾ ಕೇಳುವುದಿಲ್ಲ. ಜೈಲಿಗೆ ಕಳಿಸಬಲ್ಲ ವಿಷಯದಲ್ಲಿ ಮೌನ, ಯಾರನ್ನೂ ಹಿಡಿಯಲಾರದ ವಿಷಯದಲ್ಲಿ ವಿಚಾರಣೆ.

ಇನ್ನು ಎಷ್ಟು ಕೊಂಡರೆ ಎಷ್ಟು ಮಾತು ಎಂಬ ಲೆಕ್ಕ. ಹತ್ತು ಪೆಟ್ಟಿಗೆ ಕೇಳಿದವನಿಗೆ ‘ಯುದ್ಧಕ್ಕೆ ಹೊರಟಿರಾ?’ ಎಂಬ ತಮಾಷೆ ಗ್ಯಾರಂಟಿ. ಗಿರಾಕಿ ಪೆಚ್ಚು ನಗೆ ನಗುತ್ತಾನೆ, ಕೇಳದೇ ಇದ್ದ ವಿವರಣೆ ಕೊಡತೊಡಗುತ್ತಾನೆ: ಮಗನಿಗೆ ಕಲಿಸುತ್ತಿದ್ದೇನೆ, ಸ್ಪರ್ಧೆ ಇದೆ, ಬೆಲೆ ಏರುತ್ತಿದೆ. ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ, 2013ರಲ್ಲಿ, ಹೊಸ ನಿರ್ಬಂಧ ಬರುತ್ತದೆಂಬ ಭಯದಿಂದ ಜನ ಅಂಗಡಿಗಳನ್ನು ಬರಿದು ಮಾಡಿದರು. ವಾಲ್‌ಮಾರ್ಟ್ ದಿನಕ್ಕೆ ಒಬ್ಬರಿಗೆ ಮೂರು ಪೆಟ್ಟಿಗೆ ಎಂದು ಮಿತಿ ಹಾಕಿತು. ಆಗ ಕೌಂಟರಿನವನು ಕಾವಲುಗಾರನ ವೇಷ ಬಿಟ್ಟು ರೇಷನ್ ಅಂಗಡಿಯವನಾದ. ಮಕ್ಕಳು ಸತ್ತದ್ದಕ್ಕೆ ಉತ್ತರವಾಗಿ ಮಾರಾಟ ಏರಿತು, ಏರಿದ್ದಕ್ಕೆ ಮಿತಿ ಬಂತು. ಮಿತಿಗೆ ಕಾರಣ ಸುರಕ್ಷತೆಯಲ್ಲ, ದಾಸ್ತಾನು.

ಹೆಚ್ಚು ಕೊಳ್ಳುವವನೇ ಅಪಾಯಕಾರಿ ಎಂಬ ಈ ಊಹೆ ಎಷ್ಟು ತಪ್ಪಿರಬಹುದು ಎಂಬುದಕ್ಕೆ ನ್ಯೂ ಹ್ಯಾಂಪ್‌ಶೈರ್ ರಾಜ್ಯವನ್ನು ನೋಡಬೇಕು. 2009ರಲ್ಲಿ ಅಲ್ಲಿ ಒಂದು ವಾರವೂ ತುಂಬದ ಅವಧಿಯಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರು ಒಂದೇ ಅಂಗಡಿಯಲ್ಲಿ ಬಂದೂಕು ಕೊಂಡು, ಕೆಲವೇ ತಾಸುಗಳಲ್ಲಿ ತಮ್ಮ ಪ್ರಾಣ ತೆಗೆದುಕೊಂಡರು. ಅಮೆರಿಕದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ. ಆ ಅಂಗಡಿಯ ಮಾಲೀಕ ರಾಲ್ಫ್ ಡೆಮಿಕೊ ಕಾನೂನು ಪಾಲಿಸಿದ್ದೇನೆಂದು ಕೈತೊಳೆದುಕೊಳ್ಳಲಿಲ್ಲ. ಸಾರ್ವಜನಿಕ ಆರೋಗ್ಯದವರು ಮತ್ತು ಬಂದೂಕು ವ್ಯಾಪಾರಿಗಳು ಒಟ್ಟಿಗೆ ಕೂತು ಕೌಂಟರಿನವರಿಗೆ ಒಂದು ಸಲಹಾ ಹಾಳೆ ಸಿದ್ಧಪಡಿಸಿದರು. ಯಾವ ಬಂದೂಕಾದರೂ ಆಗಬಹುದು ಎನ್ನುವವನು, ಅದನ್ನು ಬಳಸುವುದು, ಕಾಪಾಡುವುದು ಹೇಗೆಂದು ಕಲಿಯುವ ಆಸಕ್ತಿಯೇ ಇಲ್ಲದವನು, ಗುಂಡು ಜಾಸ್ತಿ ಬೇಡ ಎನ್ನುವವನು, ಇದು ನನ್ನ ಹತ್ತಿರ ಬಹಳ ದಿನ ಇರುವುದಿಲ್ಲ ಎನ್ನುವವನು: ಇಂಥವರ ಜತೆ ಮಾತಾಡಿ, ಅನುಮಾನ ಬಂದರೆ ಮಾರಬೇಡಿ ಎಂದು ಆ ಹಾಳೆಯ ಸಾರ. ಕಡ್ಡಾಯವೇನೂ ಇರಲಿಲ್ಲ; ಆದರೂ ನಂತರ ಹೋಗಿ ನೋಡಿದಾಗ ರಾಜ್ಯದ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಸಾಮಗ್ರಿಯನ್ನು ಇಟ್ಟುಕೊಂಡಿದ್ದವು.

ಗುಂಡಿನ ಕೌಂಟರಿನ ಬಗ್ಗೆ ನಾನು ಓದಿದವುಗಳಲ್ಲಿ ನಿಜವಾಗಿ ಯೋಚಿಸಿ ಬರೆದದ್ದು ಈ ಹಾಳೆಯೊಂದೇ. ಕಾನೂನಿನ ಪ್ರಶ್ನೆ ಉತ್ತರವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ, ಈ ಹಾಳೆ ಉತ್ತರ ಕೊಡುವ ಮನುಷ್ಯನನ್ನು ನೋಡು ಎನ್ನುತ್ತದೆ. ಹತ್ತು ಪೆಟ್ಟಿಗೆಯವನನ್ನು ಗೇಲಿ ಮಾಡಿ, ಸ್ವಲ್ಪವೇ ಸಾಕು ಎಂದ ಸಂಕೋಚದ ಗಿರಾಕಿಗೆ ‘ಒಳ್ಳೆಯ ದಿನವಾಗಲಿ’ ಎಂದು ಚೀಲ ಕೊಟ್ಟು ಕಳಿಸುವ ಪದ್ಧತಿಯನ್ನು ಅದು ತಲೆಕೆಳಗು ಮಾಡಿತು. ಆದ್ದರಿಂದ ಮುಜುಗರವೇ ಬೇಡ ಎನ್ನುವವರ ಪಕ್ಷಕ್ಕೆ ನಾನು ಸೇರಲಾರೆ. ತಪ್ಪು ಜನರ ಮೇಲೆ, ತಪ್ಪು ಕಾರಣಕ್ಕೆ ಅದು ಖರ್ಚಾಗುತ್ತಿದೆ ಎಂಬುದೇ ನನ್ನ ತಕರಾರು.

ಮಾರುವವನ ವಿವೇಚನೆಗೆ ಬೆಲೆ ಇದೆಯೆಂದು ನ್ಯಾಯಾಲಯವೂ ಒಪ್ಪಿದ ಒಂದು ಪ್ರಕರಣವಿದೆ. 2012ರಲ್ಲಿ ಮಿಸ್ಸೌರಿ ರಾಜ್ಯದ ತಾಯಿಯೊಬ್ಬಳು ಬಂದೂಕಿನ ಅಂಗಡಿಗೆ ಫೋನು ಮಾಡಿ, ಮಗಳಿಗೆ ತೀವ್ರ ಮಾನಸಿಕ ಕಾಯಿಲೆ ಇದೆ, ದಯವಿಟ್ಟು ಅವಳಿಗೆ ಬಂದೂಕು ಮಾರಬೇಡಿ ಎಂದು ಬೇಡಿಕೊಂಡಿದ್ದಳು. ದಾಖಲೆ ಶೋಧನೆಯಲ್ಲಿ ಮಗಳು ಪಾಸಾದಳು, ಅಂಗಡಿಯವರು ಬಂದೂಕು, ಗುಂಡು ಎರಡನ್ನೂ ಮಾರಿದರು. ಅದೇ ದಿನ ಅವಳು ತಂದೆಯನ್ನು ಕೊಂದಳು. ಗೊತ್ತಿದ್ದೂ ಕೊಟ್ಟ ಅಂಗಡಿಯ ಮೇಲೆ ದಾವೆ ನಡೆಯಬಹುದು ಎಂದು ರಾಜ್ಯದ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿತು. ಕೊನೆಗೆ 22 ಲಕ್ಷ ಡಾಲರಿಗೆ ರಾಜಿಯಾಯಿತು. ಕಂಪ್ಯೂಟರು ‘ಸರಿ’ ಎಂದಮೇಲೂ ಕೌಂಟರಿನವನಿಗೆ ‘ಇಲ್ಲ’ ಎನ್ನುವ ಹಕ್ಕಿತ್ತು. ಬಳಸಲಿಲ್ಲ.

ಸಿನಿಮಾದಲ್ಲಿ ಈ ಕೌಂಟರನ್ನು ಚೆನ್ನಾಗಿ ಕಂಡವನು ಸಾಕ್ಷ್ಯಚಿತ್ರ ನಿರ್ದೇಶಕ ಮೈಕೆಲ್ ಮೂರ್. 2002ರ ‘ಬೌಲಿಂಗ್ ಫಾರ್ ಕೊಲಂಬೈನ್’ನಲ್ಲಿ ಅವನು ಕ್ಷೌರದಂಗಡಿಯಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಲೇ ಗುಂಡು ಕೊಳ್ಳುತ್ತಾನೆ. ನಗು ಬರುತ್ತದೆ, ಆದರೆ ಅದು ಸುಲಭದ ನಗು; ಹಳ್ಳಿಯ ಚಿಲ್ಲರೆ ವ್ಯಾಪಾರಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ ನಗುವುದರಲ್ಲಿ ಧೈರ್ಯವೇನಿದೆ? ಕೊಲಂಬೈನ್ ಶಾಲೆಯಲ್ಲಿ ಗುಂಡೇಟು ತಿಂದು ಬದುಕಿದ ಹುಡುಗರನ್ನು ಕರೆದುಕೊಂಡು ಅವನು ಮಿಷಿಗನ್‌ನ ಕೆಮಾರ್ಟ್ ಕೇಂದ್ರ ಕಚೇರಿಗೆ ಹೋಗುವ ಭಾಗದ ತೂಕವೇ ಬೇರೆ. ದೇಹದಲ್ಲಿ ಹೊಕ್ಕ ಗುಂಡು ನಿಮ್ಮ ಅಂಗಡಿಯದು, ವಾಪಸು ತಗೊಳ್ಳಿ ಎನ್ನುವ ಭೇಟಿ ಅದು. ಮುಜುಗರ ಕೌಂಟರಿನಿಂದ ಎದ್ದು ಆಡಳಿತದವರ ಕೋಣೆಗೆ ಹೋಗುತ್ತದೆ. ಪಿಸ್ತೂಲಿನ ಗುಂಡು ಮಾರುವುದನ್ನು 90 ದಿನಗಳಲ್ಲಿ ನಿಲ್ಲಿಸುತ್ತೇವೆಂದು ಕಂಪನಿ ಘೋಷಿಸಿತು. ಮೂರ್‌ಗೇ ನಂಬಲಾಗದಂತೆ ಕಾಣುತ್ತದೆ.

ವಾಲ್‌ಮಾರ್ಟಿನಲ್ಲೂ ಕೆಲಸ ಮೇಲಿನಿಂದಲೇ ಆಯಿತು. ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯೆಗಳ ನಂತರ, 2018ರಲ್ಲಿ, ಅದು ಎಲ್ಲ ಗುಂಡುಗಳಿಗೂ ವಯಸ್ಸನ್ನು 21ಕ್ಕೆ ಏರಿಸಿತು. ಪಿಸ್ತೂಲಿಗೋ ರೈಫಲ್ಲಿಗೋ ಎಂಬ ಪ್ರಶ್ನೆ ಅಲ್ಲಿ ಒಂದೇ ಏಟಿಗೆ ಅನಗತ್ಯವಾಯಿತು. 2019ರ ಆಗಸ್ಟ್ 3ರಂದು ಎಲ್ ಪಾಸೊದ ಅದರ ಅಂಗಡಿಯಲ್ಲೇ ನಡೆದ ದಾಳಿಯಲ್ಲಿ 23 ಜನ ಪ್ರಾಣ ಕಳೆದುಕೊಂಡರು. ಮುಂದಿನ ತಿಂಗಳು ಪಿಸ್ತೂಲಿನ ಗುಂಡು ಮತ್ತು .223 ಥರದ ರೈಫಲ್ ಗುಂಡುಗಳ ಮಾರಾಟ ಕೈಬಿಡುವುದಾಗಿ ಕಂಪನಿ ಹೇಳಿತು. ದೇಶದ ಗುಂಡಿನ ಮಾರುಕಟ್ಟೆಯಲ್ಲಿ ತನ್ನ ಪಾಲು ಸುಮಾರು ಶೇ. 20ರಿಂದ 6–9ಕ್ಕೆ ಇಳಿಯಬಹುದೆಂದು ಅದರದೇ ಅಂದಾಜು. ಗಿರಾಕಿಗಳು ಇತರ ಅಂಗಡಿಗಳಿಗೆ ಹೋದರು ಎನ್ನಿ. ಆದರೂ ಕೀಲಿಕೈ ಹಿಡಿದ ನೌಕರನ ಹೆಗಲಿನಿಂದ ಒಂದು ಭಾರ ಇಳಿಯಿತು.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 2016ರ ಜನಮತದ ಫಲವಾಗಿ 2019ರ ಜುಲೈ 1ರಿಂದ ಅಲ್ಲಿ ಪ್ರತಿ ಸಲ ಗುಂಡು ಕೊಳ್ಳುವಾಗಲೂ ದಾಖಲೆ ಪರಿಶೀಲನೆ. ತತ್ವದಲ್ಲಿ ಇದೇ ಸರಿ. ಕೇಳಬೇಕಾದ್ದನ್ನು ರಾಜ್ಯವೇ ಕೇಳಲಿ. ಜಾರಿಯಲ್ಲಿ ಎಡವಿದರು. ಮೊದಲ ಏಳು ತಿಂಗಳಲ್ಲಿ ಸುಮಾರು ಶೇ. 16ರಷ್ಟು ಕೊಳ್ಳುವವರಿಗೆ ನಿರಾಕರಣೆ ಬಂತು. ಇವರಲ್ಲಿ ನಿಜವಾಗಿ ನಿಷೇಧಿತರು ತೀರ ಸಣ್ಣ ಪಾಲು. ಉಳಿದವರ ಹೆಸರೋ ವಿಳಾಸವೋ ಹಳೆಯ ದಾಖಲೆಯೊಂದಿಗೆ ತಾಳೆಯಾಗಿರಲಿಲ್ಲ. ಇನಿಶಿಯಲ್ಲು, ಊರಿನ ಹೆಸರು, ಅಪ್ಪನ ಹೆಸರುಗಳನ್ನು ಒಂದೊಂದು ಫಾರಮ್ಮಿನಲ್ಲಿ ಒಂದೊಂದು ಕ್ರಮದಲ್ಲಿ ಬರೆದು ಪಾಸ್‌ಪೋರ್ಟ್ ಕಚೇರಿಯಲ್ಲಿ ಒದ್ದಾಡಿದ ಕನ್ನಡಿಗರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಕಾನೂನನ್ನು ಕೋರ್ಟಿಗೆಳೆದರು, 2024ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶ ರೋಜರ್ ಬೆನಿಟೆಜ್ ಅದು ಸಂವಿಧಾನಬಾಹಿರ ಎಂದರು, ಜಗಳ ಮೇಲಿನ ನ್ಯಾಯಾಲಯಕ್ಕೆ ಹೋಯಿತು.

ನಮ್ಮ ಕಡೆ ತೋಟಾ ಕೊಳ್ಳುವವನಿಗೆ ಈ ನಾಟಕ ಇಲ್ಲವೇ ಇಲ್ಲ ಎನ್ನಬಹುದು. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಲೈಸೆನ್ಸಿನಲ್ಲೇ ಬರೆದಿರುತ್ತದೆ, ಅಂಗಡಿಯವನು ಲೆಕ್ಕ ನಮೂದಿಸುತ್ತಾನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವ ಕೊಡಗಿನಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೊಳ್ಳುವ ಮನೆಯ ವಸ್ತು. ಅಲ್ಲಿ ಮುಜುಗರಕ್ಕೆ ಎಡೆಯೇ ಇಲ್ಲ. ನಮ್ಮ ಮುಜುಗರ ಇರುವುದು ಬೇರೆಡೆ: ಚುನಾವಣೆ ಬಂದಾಗ ಮಲೆನಾಡಿನ ರೈತ ಕೋವಿಯನ್ನು ಠಾಣೆಗೆ ಒಪ್ಪಿಸಿ, ಕಾಡುಹಂದಿಗಳು ನೀತಿಸಂಹಿತೆ ಪಾಲಿಸುತ್ತವೆಂದು ನಂಬಿ ಮನೆಗೆ ಬರುತ್ತಾನೆ. ಆದರೂ ಬಂದೂಕಿಗೂ ಗುಂಡಿಗೂ ಒಂದೇ ಕಾಗದ ಎಂಬ ಸರಳ ಸಂಗತಿಯನ್ನು ಅಮೆರಿಕದ ಬಹುಪಾಲು ರಾಜ್ಯಗಳು ಇನ್ನೂ ಮುಟ್ಟಿಲ್ಲ.

ಅಲ್ಲಿಯ ವ್ಯಾಪಾರ ಈಗ ಕೌಂಟರಿನವನನ್ನೇ ಬಿಟ್ಟು ಸಾಗಲು ನೋಡುತ್ತಿದೆ. 2012ರಲ್ಲಿ ಕೊಲೊರಾಡೊದ ಅರೋರಾದ ಚಿತ್ರಮಂದಿರದಲ್ಲಿ ಜನರನ್ನು ಕೊಂದವನು ಸಾವಿರಾರು ಗುಂಡುಗಳನ್ನು ಇಂಟರ್‌ನೆಟ್ಟಿನಲ್ಲಿ ತರಿಸಿದ್ದ. ಅಲ್ಲಿ ಸತ್ತ ಯುವತಿಯೊಬ್ಬಳ ತಾಯಿ ಮತ್ತು ಮಲತಂದೆ, ಗುಂಡು ಮಾರಿದ ಕಂಪನಿಯ ಮೇಲೆ ಹೂಡಿದ ದಾವೆ ವಜಾ ಆಯಿತಷ್ಟೇ ಅಲ್ಲ, ಎದುರಾಳಿಯ ವಕೀಲರ ಖರ್ಚು ಎರಡು ಲಕ್ಷ ಡಾಲರಿಗೂ ಮೇಲೆ ಅವರ ತಲೆಗೇ ಬಂತು. 2018ರಲ್ಲಿ ಟೆಕ್ಸಾಸಿನ ಸಾಂಟಾ ಫೆ ಶಾಲೆಯಲ್ಲಿ ಗುಂಡು ಹಾರಿಸಿದ 17ರ ಹುಡುಗ ಕೊಂಡದ್ದೂ ಅದೇ ಕಂಪನಿಯಿಂದ. ವಯಸ್ಸನ್ನು ಪರಿಶೀಲಿಸುತ್ತೇವೆಂದು ಅದು ಒಪ್ಪಿದ್ದು 2023ರ ರಾಜಿಯಲ್ಲಿ. 2024ರ ಹೊತ್ತಿಗೆ ಅಮೆರಿಕನ್ ರೌಂಡ್ಸ್ ಎಂಬ ಕಂಪನಿ ಅಲಬಾಮಾ, ಒಕ್ಲಹೋಮಾ, ಟೆಕ್ಸಾಸಿನ ಕಿರಾಣಿ ಅಂಗಡಿಗಳಲ್ಲಿ ಗುಂಡಿನ ಯಂತ್ರಗಳನ್ನು ನಿಲ್ಲಿಸಿತ್ತು. ಗುರುತಿನ ಚೀಟಿ ಓದಿ, ಮುಖ ತಾಳೆ ನೋಡಿ, 21 ಆಗಿದ್ದರೆ ಯಂತ್ರ ಪೆಟ್ಟಿಗೆ ಉದುರಿಸುತ್ತದೆ. ವಯಸ್ಸು ನೋಡುವ ಕೆಲಸದಲ್ಲಿ ಅದು ಪೇಂಟ್ ವಿಭಾಗದ ನೌಕರನಿಗಿಂತ ಗಟ್ಟಿ ಎಂದು ಒಪ್ಪಬೇಕು; ಗೇಲಿಯನ್ನೂ ಮಾಡುವುದಿಲ್ಲ. ಜಾಸ್ತಿ ಬೇಡ, ಸ್ವಲ್ಪ ಸಾಕು ಎಂದವನ ಮುಖವನ್ನೂ ಅದು ಚೀಟಿಯ ಫೋಟೋದೊಂದಿಗೆ ಹೋಲಿಸುತ್ತದೆ, ಅಷ್ಟೇ. ಅಲಬಾಮಾದ ಟಸ್ಕಲೂಸಾದಲ್ಲಿದ್ದ ಯಂತ್ರವನ್ನು ಕೆಲವೇ ತಿಂಗಳಲ್ಲಿ ತೆಗೆದರು. ವ್ಯಾಪಾರ ಸಾಲಲಿಲ್ಲವಂತೆ.