ಮುದ್ದಮ್ಮನ ಕಿರಿಮಗ

ಬಾನದ ಹುಣ್ಣಿಮೆ ಹತ್ತಿರ ಬಂತೆಂದರೆ ಅಜ್ಜೀಪುರ, ರಾಮಾಪುರ, ಹನೂರು ಸೀಮೆಯ ಸಿದ್ದಪ್ಪಾಜಿ ಒಕ್ಕಲಿನವರು ಅಕ್ಕಿ, ಸೌದೆ, ಪಾತ್ರೆ, ಚಾಪೆ ಎಲ್ಲ ಕಟ್ಟಿಕೊಂಡು ಚಿಕ್ಕಲ್ಲೂರಿನ ಪರಸೆಗೆ ಹೊರಡುತ್ತಾರೆ. ಐದು ದಿನದ ಜಾತ್ರೆ. ಚಂದ್ರಮಂಡಲ ಉರಿದು ಜನ ತಂತಮ್ಮ ಬಿಡಾರಕ್ಕೆ ಮರಳಿದ ಮೇಲೆ ಎಲ್ಲೋ ಒಂದು ಕಡೆ ತಂಬೂರಿ ಮೀಟುವ ಸದ್ದು ಕೇಳುತ್ತದೆ. ನೀಲಗಾರರ ಮೇಳಕ್ಕೆ ಇಡೀ ಮಂಟೇಸ್ವಾಮಿ ಕಾವ್ಯವನ್ನು ಒಂದೇ ರಾತ್ರಿಯಲ್ಲಿ ಮುಗಿಸುವ ಹಟವಿಲ್ಲ. ಕಲ್ಯಾಣದ ಸಾಲು ಹಾಡಬಹುದು, ಹಲಗೂರಿನ ಸಾಲು ಹಾಡಬಹುದು. ಹೆಂಗಸರು ಹೆಚ್ಚಿದ್ದರೆ ಕೆಂಪಾಚಾರಿಯ ಸಾಲನ್ನೇ ಕೇಳುತ್ತಾರೆ.

ಕನ್ನಡದಲ್ಲಿ ಹದಿಹರೆಯದವರಿಗೆಂದು ಬರೆದ ಕತೆ-ಕಾದಂಬರಿಗಳೇ ಇಲ್ಲವೆಂದು ಕೊರಗುವವರು ಈ ಸಾಲಿನ ಮುಂದೆ ಒಂದು ರಾತ್ರಿ ಕೂತು ಏಳಬೇಕು.

ಕತೆ ಇಷ್ಟು. ನಿಡುಘಟ್ಟದ ಆಚಾರಿ ಮನೆ. ಕುಲುಮೆ, ತಿದಿ, ಕಬ್ಬಿಣ, ದುಡಿಯುವ ಗಂಡುಮಕ್ಕಳು, ಯಾವುದಕ್ಕೂ ಕೊರತೆಯಿಲ್ಲ. ಆ ಮನೆಯ ಬಾಗಿಲಿಗೆ ಧರೆಗೆ ದೊಡ್ಡವರು, ಅಂದರೆ ಮಂಟೇಸ್ವಾಮಿ, ಭಿಕ್ಷೆಗೆ ಬರುತ್ತಾರೆ. ಕೇಳುವುದು ರಾಗಿಯನ್ನಲ್ಲ, ಕಾಸನ್ನಲ್ಲ. ಕಿರಿಯ ಮಗ ಕೆಂಪಾಚಾರಿಯನ್ನು. ಶಿಶುಮಗನಾಗಿ ಅವನು ಬೇಕು. ಏನು ಬೇಕಾದರೂ ಕೇಳು, ಕೂಸನ್ನು ಮಾತ್ರ ಕೇಳಬೇಡ ಎನ್ನುವುದು ತಾಯಿ ಮುದ್ದಮ್ಮನ ಪಟ್ಟು. ಗುರು ಬಿಡುವುದಿಲ್ಲ. ಮನೆಯ ಮೇಲೆ ಸಂಕಟದ ಮೇಲೆ ಸಂಕಟ ಬೀಳುತ್ತದೆ. ಕೊನೆಗೆ ಹುಡುಗ ಹೊರಟೇ ಹೋಗುತ್ತಾನೆ, ಆಚಾರಿ ಮನೆಯ ಹೆಸರನ್ನೂ ಕಳೆದುಕೊಂಡು ಸಿದ್ದಪ್ಪಾಜಿಯಾಗುತ್ತಾನೆ. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾಗುತ್ತವೆ, ತಾಯಿಯ ಅಳು ಮಾತ್ರ ಎಲ್ಲ ಮೇಳಗಳಲ್ಲೂ ಉದ್ದಕ್ಕೇ ಇರುತ್ತದೆ.

ಕಾವ್ಯದ ನಿಜವಾದ ಪೆಟ್ಟು ಬೀಳುವುದು ಆಮೇಲೆ, ಹಲಗೂರಿನಲ್ಲಿ. ಗುರು ಅದೇ ಹುಡುಗನ ಹೆಗಲಿಗೆ ಜೋಳಿಗೆ ಹಾಕಿ, ಕಬ್ಬಿಣದ ಭಿಕ್ಷೆ ತಾ ಎಂದು ಪಾಂಚಾಳರ ಕೇರಿಗೆ ಕಳಿಸುತ್ತಾರೆ. ಅಂದರೆ ಅವನ ಕುಲದವರ ಹತ್ತಿರಕ್ಕೇ. ನಿನ್ನೆಯವರೆಗೆ ಸುತ್ತಿಗೆ ಹಿಡಿಯಬೇಕಾಗಿದ್ದವನು ಇವತ್ತು ಬೇಡುವವನಾಗಿ ನಿಂತಿದ್ದಾನೆ. ಅವರು ಕೊಡುವುದಿಲ್ಲ, ಕೊಡದಿದ್ದುದಷ್ಟೇ ಅಲ್ಲ, ಪವಾಡ ಮಾಡಿ ತೋರಿಸೆಂದು ಒಂದರ ಹಿಂದೊಂದು ಪರೀಕ್ಷೆಗೆ ಒಡ್ಡುತ್ತಾರೆ. ಕಾದ ಕಬ್ಬಿಣ, ವಿಷ, ಎಲ್ಲವನ್ನೂ ಅವನು ದಾಟಬೇಕು. ನೀನು ನಮ್ಮವನೋ ಅಲ್ಲವೋ ಎಂಬ ಪ್ರಶ್ನೆಯನ್ನು ಪರಕೀಯರು ಕೇಳಿದರೆ ಅಷ್ಟು ನೋಯುವುದಿಲ್ಲ. ಇಲ್ಲಿ ಕೇಳುವವರು ಅಣ್ಣತಮ್ಮಂದಿರ ಸಮಾನರು, ಕೇಳುವ ಜಾಗ ಅವನು ಹುಟ್ಟಿನಿಂದ ಬಲ್ಲ ಕುಲುಮೆ.

ಬಿಡಿಸಿ ನೋಡಿದರೆ ಇಂದಿನ ಹದಿಹರೆಯದ ಕಾದಂಬರಿ ಬೇಡುವುದೆಲ್ಲ ಇಲ್ಲಿದೆ: ಒಡೆದ ಮನೆ, ತಾನು ಆರಿಸದ ಹೊಸ ಬದುಕು, ಬದಲಾದ ಹೆಸರು, ಹಳೆಯ ಬಳಗದ ಮುಂದೆ ತಾನು ಯಾರೆಂದು ತೋರಿಸಿಕೊಡಬೇಕಾದ ಅವಮಾನ. ಕಾವ್ಯದ ದೊಡ್ಡತನವೆಂದರೆ ಅದು ಯಾರ ಪರವಾಗಿಯೂ ಸುಲಭಕ್ಕೆ ವಕಾಲತ್ತು ವಹಿಸುವುದಿಲ್ಲ. ಗುರು ದೈವ, ಸರಿ. ಆದರೆ ಮುದ್ದಮ್ಮನ ಬಾಯಿಂದ ಆ ದೈವಕ್ಕೆ ಬೀಳುವ ಬೈಗುಳವನ್ನು ನೀಲಗಾರ ನುಂಗಿಕೊಳ್ಳುವುದಿಲ್ಲ. ಸಿದ್ದಪ್ಪಾಜಿಯ ಭಕ್ತನೇ ಸಿದ್ದಪ್ಪಾಜಿಯ ತಾಯಿಯ ದನಿಯಲ್ಲಿ ಗುರುವನ್ನು ಬೈಯುತ್ತ ಹಾಡುತ್ತಾನೆ. ಇಂಥ ಧೈರ್ಯ ಅಚ್ಚಾದ ಮಕ್ಕಳ ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಇನ್ನೊಂದು ಸಂಗತಿ ಪುಸ್ತಕದಲ್ಲಿ ಓದುವವರಿಗೆ ತಪ್ಪಿಹೋಗುತ್ತದೆ. ನೀಲಗಾರರಾಗುವುದು ಹಲವು ಮನೆಗಳಲ್ಲಿ ಹರಕೆಯ ಫಲ. ಮನೆಯ ಒಬ್ಬ ಗಂಡುಮಗನಿಗೆ ದೀಕ್ಷೆ ಕೊಡಿಸುವುದು ಒಕ್ಕಲಿನ ಪದ್ಧತಿ. ಮಾದಪ್ಪನ, ಅಂದರೆ ಮಲೆಯ ಮಾದೇಶ್ವರನ, ಕಡೆಯಲ್ಲೂ ಹೀಗೆಯೇ, ದೇವರಗುಡ್ಡರನ್ನು ಬಿಡುತ್ತಾರೆ, ಅವರು ಕಂಸಾಳೆ ಹಿಡಿಯುತ್ತಾರೆ. ಹೀಗಾಗಿ ಕೆಂಪಾಚಾರಿಯ ಸಾಲನ್ನು ಹಾಡುವವನೂ ಒಂದು ಕಾಲಕ್ಕೆ ಮನೆಯವರು ದೇವರಿಗೆ ಒಪ್ಪಿಸಿದ ಹುಡುಗನೇ. ಪಕ್ಕದಲ್ಲಿ ತಾಳ ಹಾಕುತ್ತ ಹಿಮ್ಮೇಳ ಕಲಿಯುತ್ತಿರುವ ಹದಿನಾಲ್ಕರ ಪೋರನೂ ಅಂಥವನೇ ಇರಬಹುದು. ಕತೆಯೊಳಗಿನ ಹುಡುಗನಿಗೂ ಕತೆ ಕೇಳುವ ಹುಡುಗನಿಗೂ ನಡುವೆ ಇಷ್ಟು ಕಡಿಮೆ ದೂರವನ್ನು ಯಾವ ಪ್ರಕಾಶಕನೂ ಸಾಧಿಸಲಾರ.

ಅಚ್ಚಿನಲ್ಲಿ ಈ ಲೋಕ ಸಿಗದೆ ಇಲ್ಲ. ಪಿ.ಕೆ. ರಾಜಶೇಖರ 1973ರಲ್ಲೇ ಮಲೆಯ ಮಾದೇಶ್ವರನ ಕಾವ್ಯವನ್ನು ಸಂಗ್ರಹಿಸಿ ಹೊರತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮುಂದೆ ಈ ಭಾಗದ ಹಾಡುಗಾರರ ಪಠ್ಯಗಳನ್ನು ದಪ್ಪ ಸಂಪುಟಗಳಾಗಿ ಅಚ್ಚು ಹಾಕಿತು. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಅದನ್ನು ರಂಗಕ್ಕೆ ತಂದಿತು. ಸಂಶೋಧಕರಿಗೆ, ನಾಟಕದವರಿಗೆ ಸಿಕ್ಕಿತು. ಹೈಸ್ಕೂಲಿನ ಬೆಂಚಿನ ಮೇಲೆ ಕೂತವರಿಗೆ ಅದನ್ನು ಯಾರೂ ತಂದುಕೊಟ್ಟಂತಿಲ್ಲ.

ಅವರಿಗೆ ಸಿಗುವುದು ‘ಮಕ್ಕಳ ಸಾಹಿತ್ಯ’. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿಯವರಿಂದ ಶುರುವಾದ ಆ ಪಟ್ಟಿಯಲ್ಲಿ ಬಸು ಬೇವಿನಗಿಡದ ಅವರ ‘ಓಡಿಹೋದ ಹುಡುಗ’ (2021), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಇವೆ. ಮಕ್ಕಳಿಗೆಂದು ಕಾದಂಬರಿಗಳೂ ಬರುತ್ತಿವೆ ಎಂಬುದು ಒಳ್ಳೆಯ ಸುದ್ದಿಯೇ. ಆದರೆ ಪುರಸ್ಕಾರದ ವಯೋಮಿತಿ ನೋಡಿ: 9ರಿಂದ 16 ವರ್ಷದ ಓದುಗರು. ಹಲ್ಲು ಬೀಳುವ ವಯಸ್ಸಿನವರೂ ಮೀಸೆ ಮೂಡುವ ವಯಸ್ಸಿನವರೂ ಒಂದೇ ಗೂಡಿನಲ್ಲಿ! ಅಮೆರಿಕದಲ್ಲಿ ಎಸ್.ಇ. ಹಿಂಟನ್ ಎಂಬ ಹುಡುಗಿ ತಾನೇ ಹದಿಹರೆಯದಲ್ಲಿದ್ದು, ಅಪ್ಪ ಅಮ್ಮ ಸತ್ತುಹೋದ ಮೂವರು ಅಣ್ಣತಮ್ಮಂದಿರ ಕತೆಯಾದ ‘ದಿ ಔಟ್‌ಸೈಡರ್ಸ್’ ಬರೆದು 1967ರಲ್ಲಿ ಪ್ರಕಟಿಸಿದಳು. ಅಲ್ಲಿ ಹದಿಹರೆಯದವರ ಪುಸ್ತಕಕ್ಕೆ ಬೇರೆಯೇ ಕಪಾಟು ಬರಲು ಅದೂ ಒಂದು ಕಾರಣವಾಯಿತು. ನಮ್ಮಲ್ಲಿ ಕಪಾಟಿಲ್ಲ ನಿಜ. ಆದರೆ ಕಪಾಟು ಮಾಡಿಸಿದರೆ ಪುಸ್ತಕ ತಾನಾಗಿ ಬರುತ್ತದೆ ಎಂದು ನಂಬುವುದು ಕಷ್ಟ.

ದೊಡ್ಡವರ ಸಾಹಿತ್ಯದಲ್ಲಿ ಹುಡುಗರು ಧಾರಾಳವಾಗಿಯೇ ಇದ್ದಾರೆ. ಮೈಸೂರು ಸೀಮೆಯವರೇ ಆದ ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ನೆನೆಯಿರಿ. ಚಿಕ್ಕಪ್ಪನ ಮನೆಯಲ್ಲಿ ಬೆಳೆಯುವ ಕಿಟ್ಟಿ, ಗಂಡ ಬೇರೊಬ್ಬಳ ಮನೆಗೆ ಹೋಗುವುದನ್ನು ಸಹಿಸುತ್ತ ಕೂತ ಕಮಲಿ, ಎರಡು ಊರುಗಳ ಹೊಡೆದಾಟ, ಹೆಸರು ಹಿಡಿದು ಕೂಗುವ ಹಕ್ಕಿಯ ಭಯ. ಗಿರೀಶ ಕಾರ್ನಾಡರ ಸಿನಿಮಾದಲ್ಲಿ ಕಿಟ್ಟಿಯಾದ ಬಾಲಕ ನಟರಾಜ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ಲಂಕೇಶರ ‘ಅಕ್ಕ’ದಲ್ಲಿ ಕೊಳೆಗೇರಿಯ ಕ್ಯಾತ ಅಕ್ಕನಿಗಾಗಿ ಕಾಯುತ್ತಾನೆ, ಹುಡುಕುತ್ತಾನೆ; ಅದನ್ನು ಕವಿತಾ ಲಂಕೇಶ್ 1999ರಲ್ಲಿ ‘ದೇವೀರಿ’ ಮಾಡಿದರು. ಎರಡೂ ಬಹಳ ಒಳ್ಳೆಯ ಕೃತಿಗಳು. ಕ್ಯಾತನ ದನಿಯಂತೂ ಲಂಕೇಶರು ಮಾತ್ರ ಬರೆಯಬಹುದಾದದ್ದು. ಆದರೂ ಎರಡರಲ್ಲೂ ಕಣ್ಣು ಹುಡುಗನದು, ಕತೆ ದೊಡ್ಡವರದು. ಕಿಟ್ಟಿ ನೋಡಲೆಂದೇ ಅಲ್ಲಿದ್ದಾನೆ. ಅವನಿಗೆ ಏನು ಬೇಕು ಎಂದು ಕಾದಂಬರಿ ನಿಂತು ಕೇಳುವುದು ಕಡಿಮೆ.

ಹುಡುಗಿಯರ ಪಾಡು ಇದಕ್ಕಿಂತ ಬಿಗಿ. ಸಾರಾ ಅಬೂಬಕ್ಕರ್ 1981ರಲ್ಲಿ ‘ಲಂಕೇಶ್ ಪತ್ರಿಕೆ’ಗೆ ಧಾರಾವಾಹಿಯಾಗಿ ಬರೆದ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ತನ್ನ ಬದುಕಿನ ಒಂದು ತೀರ್ಮಾನವನ್ನೂ ತಾನು ಮಾಡುವುದಿಲ್ಲ. ಮದುವೆ ಅಪ್ಪ ಮಾಡಿದ್ದು, ಒಲಿದ ಗಂಡನಿಂದ ಬಿಡಿಸಿದ್ದೂ ಅಪ್ಪನೇ. ಕೊನೆಗೆ ಮಸೀದಿಯ ಕೊಳವೊಂದೇ ಅವಳು ಆರಿಸಿಕೊಂಡದ್ದು. ಅದನ್ನು ಸ್ತ್ರೀವಾದಿ ಕಾದಂಬರಿಯೆಂದು ನಲವತ್ತು ವರ್ಷ ಓದಿದ್ದೇವೆ, ಓದಬೇಕಾದದ್ದೇ. ಆದರೆ ಅವಳು ಹರೆಯ ತುಂಬುವ ಮೊದಲೇ ಹೆಂಡತಿಯಾದ, ತಾಯಿಯಾದ ಹುಡುಗಿ ಎಂಬುದು ಚರ್ಚೆಗಳಲ್ಲಿ ಮೂಲೆಗೆ ಸರಿಯುತ್ತದೆ.

ಈ ಸಾಲಿನಲ್ಲಿ ಒಬ್ಬ ಹುಡುಗಿ ಮಾತ್ರ ಬೇರೆ. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕತೆಯ ಸಲ್ಮಾ. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಸಂಕಲನ ಈ ಕತೆಯ ಹೆಸರನ್ನೇ ಹೊತ್ತು 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದಾಗ ಎಲ್ಲರೂ ಮಾತಾಡಿದ್ದು ಮೆಹರುನ್ ಬಗ್ಗೆ. ಗಂಡ ಇನ್ನೊಬ್ಬಳ ಬೆನ್ನು ಹತ್ತಿದ್ದಾನೆ. ತವರಿಗೆ ಬಂದರೆ ತವರಿನವರು ಮರ್ಯಾದೆಯ ಮಾತಾಡಿ ವಾಪಸು ತಂದು ಬಿಟ್ಟಿದ್ದಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಆಗ ಹಿರಿಮಗಳು ಸಲ್ಮಾ ಹಸುಗೂಸನ್ನು ಎತ್ತಿಕೊಂಡು ಓಡಿ ಬಂದು ತಾಯಿಯ ಕಾಲು ತಬ್ಬುತ್ತಾಳೆ.

ಕತೆಯ ಬೆಳಕನ್ನೆಲ್ಲ ತಾಯಿಯ ಮೇಲಿಂದ ಒಂದು ಗಳಿಗೆ ಮಗಳ ಮೇಲೆ ತಿರುಗಿಸಿ. ಹಗಲೆಲ್ಲ ಅವಳು ತಮ್ಮ ತಂಗಿಯರನ್ನು ನೋಡಿಕೊಂಡಿದ್ದಾಳೆ, ದೊಡ್ಡವರ ಮುಖದಿಂದಲೇ ಮನೆಯ ಸಂಗತಿ ಓದಿಕೊಂಡಿದ್ದಾಳೆ, ಯಾರೂ ಅವಳಿಗೆ ಏನನ್ನೂ ಹೇಳಿಲ್ಲ. ರಾತ್ರಿ ಮಲಗದೆ ಕಾದವಳು ಅವಳೊಬ್ಬಳೇ. ಮಾವಂದಿರು, ಅಜ್ಜ, ಅಪ್ಪ ಕೂಡಿ ಮಾಡಲಾಗದ ಕೆಲಸವನ್ನು, ಅಂದರೆ ಈ ಹೆಂಗಸು ಬದುಕಿರಬೇಕು ಎಂದು ಬಾಯಿಬಿಟ್ಟು ಹೇಳುವುದನ್ನು, ಅವಳು ಮಾಡುತ್ತಾಳೆ. ಕತೆ ಅಲ್ಲಿಗೆ ನಿಲ್ಲುವುದು ಸಣ್ಣಕತೆಯಾಗಿ ಸರಿಯೇ. ಆದರೆ ಮರುದಿನ ಬೆಳಗ್ಗೆ ಸಲ್ಮಾ ಶಾಲೆಗೆ ಹೋದಳೇ? ಕೈಗೆ ಮೆತ್ತಿದ ಸೀಮೆಎಣ್ಣೆಯ ವಾಸನೆ ಎಷ್ಟು ಸಲ ತೊಳೆದರೆ ಹೋಯಿತು? ಹದಿಹರೆಯದವರಿಗಾಗಿ ಬರೆಯುವ ಕಾದಂಬರಿಕಾರ ಶುರು ಮಾಡಬೇಕಾದದ್ದು ಬಾನು ನಿಲ್ಲಿಸಿದ ಆ ಜಾಗದಿಂದ.

ಸಿನಿಮಾ ಈ ವಿಷಯದಲ್ಲಿ ಸಾಹಿತ್ಯಕ್ಕಿಂತ ಒಂದು ಹೆಜ್ಜೆ ಮುಂದಿದೆ. ಪೃಥ್ವಿ ಕೊಣನೂರರ ‘ಹದಿನೇಳೆಂಟು’ 2022ರ ಗೋವಾ ಚಿತ್ರೋತ್ಸವದಲ್ಲಿ ಇಂಡಿಯನ್ ಪನೋರಮಾದ ಆರಂಭಿಕ ಚಿತ್ರವಾಗಿತ್ತು. ಇಬ್ಬರು ಪಿಯುಸಿ ಮಕ್ಕಳ ಖಾಸಗಿ ವಿಡಿಯೊ ಹೊರಬಿದ್ದು ಕಾಲೇಜು ವಿಚಾರಣೆಗೆ ಕೂರುತ್ತದೆ. ವಿಚಾರಣೆ ಮುಂದುವರಿದಂತೆ ಹುಡುಗನ ಜಾತಿ, ಹುಡುಗಿಯ ಜಾತಿ ಮೆಲ್ಲಗೆ ಮೇಜಿನ ಮೇಲೆ ಬರುತ್ತವೆ. ಯಾರಿಗೂ ಬುದ್ಧಿ ಹೇಳದೆ ಮುಗಿಯುತ್ತದೆಂಬುದೇ ಅದರ ಹೆಚ್ಚುಗಾರಿಕೆ.

ಭಾಷೆಯ ಮಾತೂ ಇದೆ. ಅಜ್ಜೀಪುರದ ಹುಡುಗಿ ಸಿಟ್ಟಿನಲ್ಲಿ ‘ನಾ ಓಗಲ್ಲ ಕನವ್ವ’ ಅಂದರೆ ಆ ‘ಕನವ್ವ’ದೊಳಗೆ ಹಟ, ಬೇಡಿಕೆ, ಸಲುಗೆ ಮೂರೂ ಇವೆ. ಮಕ್ಕಳ ಪುಸ್ತಕಕ್ಕೆ ಬರುವಾಗ ಅದು ‘ಅಮ್ಮಾ, ನಾನು ಹೋಗುವುದಿಲ್ಲ’ ಆಗುತ್ತದೆ. ಹುಡುಗಿ ಅಲ್ಲಿಗೇ ಸತ್ತಳು. ದೇವನೂರ ಮಹಾದೇವರ ‘ಕುಸುಮಬಾಲೆ’ ಈ ಸೀಮೆಯ ಮಾತನ್ನೇ ಇಟ್ಟುಕೊಂಡು 1990ರ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆದರೂ ಆಡುಮಾತು ದೊಡ್ಡವರ ಕಲೆಗೆ ಸರಿ, ಮಕ್ಕಳಿಗೆ ಶಿಷ್ಟವೇ ಸರಿ ಎಂಬ ನಂಬಿಕೆ ಮೇಷ್ಟ್ರುಗಳ ಮನಸ್ಸಿನಿಂದ ಹೋಗಿಲ್ಲ. ಮಕ್ಕಳ ಪುಸ್ತಕ ಬರೆಯುವವರಲ್ಲಿ ಮೇಷ್ಟ್ರುಗಳೇ ಹೆಚ್ಚು ಎಂಬುದನ್ನೂ ಇಲ್ಲಿ ಹೇಳಬೇಕು.

ಹಾಗೆಂದು ನೀಲಗಾರರ ಕಾವ್ಯವನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಅದರ ಕೊರತೆ ದೊಡ್ಡದೇ. ಮುದ್ದಮ್ಮನಿಗೆ ಅಳಲು ಸಾಲುಗಟ್ಟಲೆ ಅವಕಾಶ ಕೊಟ್ಟ ಹಾಡು, ಕೆಂಪಾಚಾರಿಗೆ ಮನೆ ನೆನೆದು ಕೊರಗಲು ಅಷ್ಟು ಬಿಡುವು ಕೊಡುವುದಿಲ್ಲ. ಸಿದ್ದಪ್ಪಾಜಿಯಾದ ಮೇಲೆ ಅವನ ಪ್ರತಿ ನೋವೂ ಪವಾಡಕ್ಕೆ ಮೆಟ್ಟಿಲು. ಮಾದಪ್ಪನ ಕಾವ್ಯದಲ್ಲಿ ಸುತ್ತೂರು ಮಠದ ರಾಗಿ ಬೀಸುವ ಸಾಲಿನಲ್ಲೂ ಇದೇ ಕತೆ: ಮಠಕ್ಕೆ ಸೇರಿದ ಹೊಸಬನ ಕೈಗೆ ಬೀಸುವ ಕಲ್ಲು ಕೊಡುತ್ತಾರೆ, ಕಲ್ಲು ತಾನೇ ತಿರುಗುತ್ತದೆ. ಕೈಯಲ್ಲಿ ಬೊಬ್ಬೆ ಎದ್ದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ಭಾಷೆ ಕೊಡೆನೆಂದು ಗಂಡನೆದುರು ನಿಂತು ಹಿಂಸೆ ಉಂಡ ಸಂಕಮ್ಮನಂಥ ಗಟ್ಟಿ ಹೆಂಗಸು ಈ ಕಾವ್ಯಗಳಲ್ಲಿದ್ದಾಳೆ, ಆದರೆ ಮದುವೆಯಾಗದ ಹದಿನೈದರ ಹುಡುಗಿಯೊಬ್ಬಳು ನಡುವೆ ನಿಂತ ಸಾಲು ಸುಲಭಕ್ಕೆ ನೆನಪಿಗೆ ಬರುವುದಿಲ್ಲ.

ಸಂಸಾರ ಒಡೆಯುವ ಕತೆಗೆ ಹನೂರು ಸೀಮೆ ಹಳೆಯ ಕಾವ್ಯದವರೆಗೆ ಹೋಗಬೇಕಾಗಿಯೂ ಇಲ್ಲ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಬಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಬೆಟ್ಟದಾಚೆ ಪಾಲಾರ್ ಬಳಿ ನೆಲಬಾಂಬು ಸಿಡಿಯಿತು. ಆಮೇಲೆ ಕಾರ್ಯಪಡೆ, ಟಾಡಾ, ರಾತ್ರಿ ಬಂದ ಜೀಪು. ಕಾಡಂಚಿನ ಊರುಗಳಿಂದ ಹಿಡಿದುಕೊಂಡು ಹೋದ ಅಪ್ಪಂದಿರು ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೂತರು. ಮುಂದೆ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ನೇಮಿಸಿ ದೂರುಗಳನ್ನು ಕೇಳಿಸಿಕೊಂಡಿತು. ವೀರಪ್ಪನ್ ಮೇಲೆ ಪುಸ್ತಕಗಳು ಬಂದವು, ಸಿನಿಮಾ ಬಂದವು, ಸರಣಿಗಳೂ ಬಂದವು. ಎಲ್ಲದರಲ್ಲೂ ಅವನ ಮೀಸೆಯೇ.

1993ರಲ್ಲಿ ಹದಿಮೂರು ತುಂಬಿದ್ದ ಹುಡುಗಿಗೆ ಈಗ ನಲವತ್ತೈದರ ಆಸುಪಾಸು. ಅವಳ ಮಗಳು ಹನೂರಿನ ಯಾವುದಾದರೂ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿರಬಹುದು. ಮನೆಯೆದುರು ಖಾಕಿ ಕಂಡರೆ ಅವ್ವ ಯಾಕೆ ಮಾತು ನಿಲ್ಲಿಸಿ ಒಳಗೆ ಹೋಗಿಬಿಡುತ್ತಾಳೆ ಎಂದು ಅಜ್ಜಿಯನ್ನು ಕೇಳುತ್ತಲೂ ಇರಬಹುದು.