ಹಣವೂ ಭಕ್ತಿಯೂ: ವಚನ ಕೀರ್ತನೆಗಳಲ್ಲಿ ಅರ್ಥವಿಚಾರ

ಕನ್ನಡದ ಭಕ್ತಿಸಾಹಿತ್ಯವು ಧನವನ್ನು ಹೇಯವೆಂದು ತಳ್ಳಿಹಾಕಿತೆಂಬ ಅಭಿಪ್ರಾಯವು ಬಹುಕಾಲದಿಂದ ರೂಢವಾಗಿದೆ. ಶರಣರೂ ದಾಸರೂ ವೈರಾಗ್ಯವನ್ನು ಬೋಧಿಸಿದವರಾದುದರಿಂದ ಲೋಕದ ಕೊಡುಕೊಳ್ಳುವ ವ್ಯವಹಾರದ ವಿಷಯದಲ್ಲಿ ಅವರಿಗೆ ಹೇಳತಕ್ಕದ್ದೇನೂ ಇರಲಿಲ್ಲವೆಂದು ಇದರಿಂದ ಅರ್ಥವಾಗುತ್ತದೆ. ಆದರೆ ಈ ಎರಡು ಪಂಥಗಳ ಅಗ್ರಗಣ್ಯರ ಜೀವನವೃತ್ತಾಂತವನ್ನು ಪರ್ಯಾಲೋಚಿಸಿದಲ್ಲಿ ವಿಚಿತ್ರವಾದ ಒಂದು ಸಂಗತಿಯು ಎದ್ದು ತೋರುತ್ತದೆ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳು. ಪುರಂದರದಾಸರು ಸಂಪ್ರದಾಯದ ಪ್ರಕಾರ ಪೂರ್ವಾಶ್ರಮದಲ್ಲಿ ನವಕೋಟಿನಾರಾಯಣರೆನಿಸಿದ ಲೇವಾದೇವಿಗಾರರು. ಹಣವನ್ನು ದೂರದಿಂದ ಕಂಡು ಹಳಿದವರಲ್ಲ. ಕೈಯಾರೆ ಎಣಿಸಿ, ಅದರ ಬಲಾಬಲಗಳನ್ನು ಅರಿತವರು. ಇಂಥವರ ಮಾತನ್ನು ಬರಿಯ ವೈರಾಗ್ಯೋಕ್ತಿಯೆಂದು ಓದಿದರೆ ಅದರ ಅರ್ಧಾಂಶವು ಕೈಬಿಟ್ಟುಹೋಗುತ್ತದೆ.

12ನೆಯ ಶತಮಾನದ ಕರ್ಣಾಟಕವು ಕೇವಲ ಧಾನ್ಯವಿನಿಮಯದಿಂದ ಬಾಳಿದ ನಾಡಾಗಿರಲಿಲ್ಲ. ಗದ್ಯಾಣ, ಪಣ, ಹಾಗ, ವೀಸ ಎಂಬ ಹೆಸರುಗಳು ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತವೆ. ಲೊಕ್ಕಿಗುಂಡಿಯಲ್ಲಿ ಟಂಕಸಾಲೆಯಿತ್ತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ವ್ಯವಹಾರವು ಅನೇಕ ದೇಶಗಳಲ್ಲಿ ಹಬ್ಬಿತ್ತು. ಇಂದು ದ್ರವ್ಯಮಾತ್ರಕ್ಕೆ ಸಲ್ಲುವ ‘ಹಣ’ ಎಂಬ ಶಬ್ದವು ಮೂಲದಲ್ಲಿ ಪಣವೆಂಬ ಒಂದು ನಾಣ್ಯದ ಹೆಸರು. ಮೈಸೂರಿನ ಕಂಠೀರವ ನರಸರಾಜರ (1638–1659) ಕಾಲದ ಕಂಠೀರವ ಹಣವು ಆ ಅರ್ಥಕ್ಕೆ ಸಾಕ್ಷಿಯಾಗಿದೆ. ಒಂದು ನಾಣ್ಯದ ಹೆಸರೇ ಸಕಲ ಸಂಪತ್ತಿನ ಹೆಸರಾಯಿತೆಂದರೆ, ನಾಣ್ಯವು ಜನಜೀವನದಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದು ಸ್ಪಷ್ಟವಾಗುತ್ತದೆ.

ಹಣಕ್ಕೆ ಮೂರು ಕಾರ್ಯಗಳುಂಟೆಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಅದು ಬೆಲೆಯನ್ನು ಅಳೆಯುವ ಮಾನ, ಕೊಡುಕೊಳ್ಳುವುದಕ್ಕೆ ಸಾಧನ, ನಾಳೆಗಾಗಿ ಕೂಡಿಡುವುದಕ್ಕೆ ಆಶ್ರಯ. ಈ ವಿಭಾಗವನ್ನು ಮುಂದಿಟ್ಟುಕೊಂಡು ವಚನಗಳನ್ನು ಪರೀಕ್ಷಿಸಿದರೆ, ಶರಣರ ಆಕ್ಷೇಪಣೆಯು ಮುಖ್ಯವಾಗಿ ಮೂರನೆಯದರ ಮೇಲೆಯೇ ಇದ್ದಿತೆಂಬುದು ವಿಶದವಾಗುತ್ತದೆ. ಹೊನ್ನು ಮಾಯೆಯಲ್ಲ, ಮನಸ್ಸಿನ ಮುಂದೆ ನಿಂತ ಆಸೆಯೇ ಮಾಯೆ ಎಂಬುದು ಅಲ್ಲಮಪ್ರಭುಗಳ ಪ್ರಸಿದ್ಧವಾದ ನಿಲುವು. ವಸ್ತುವಿನಲ್ಲಿ ದೋಷವಿಲ್ಲ, ಅದರೊಡನೆ ಮನಸ್ಸು ಬೆಳೆಸಿದ ಸಂಬಂಧದಲ್ಲಿ ದೋಷವಿದೆ ಎಂದು ಇದರ ತಾತ್ಪರ್ಯ. ಬಸವಣ್ಣನವರಾದರೋ, ಒರೆಗಲ್ಲಿಗೆ ಹತ್ತುವಷ್ಟು ಚಿನ್ನವನ್ನಾಗಲಿ ವಸ್ತ್ರದ ಒಂದು ನೂಲನ್ನಾಗಲಿ ನಾಳೆಗೆಂದು ಬಯಸಲಿಲ್ಲವೆಂದು ಆಣೆಯಿಟ್ಟು ಹೇಳುತ್ತಾರೆ. ಚಿನ್ನವನ್ನು ಒರೆಗೆ ಹಚ್ಚುವುದು ಭಂಡಾರದ ನಿತ್ಯಕರ್ಮ. ಚಿನ್ನವನ್ನು ಮುಟ್ಟಲಿಲ್ಲವೆಂದು ಅವರು ಹೇಳುತ್ತಿಲ್ಲ; ಮುಟ್ಟಿದುದನ್ನು ತನ್ನ ನಾಳೆಗೆ ಉಳಿಸಲಿಲ್ಲವೆಂದು ಹೇಳುತ್ತಾರೆ. ಈ ಭೇದವನ್ನು ಮರೆಯಬಾರದು.

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ದಂಪತಿಗಳ ವೃತ್ತಾಂತವು ಇದೇ ತತ್ತ್ವದ ಭಾಷ್ಯದಂತಿದೆ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ತಂದನು. ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದುಬರುವಂತೆ ಗಂಡನನ್ನು ಕಳುಹಿಸಿದಳು. ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನ ಮನೆಯಲ್ಲಿ ಬಸವಣ್ಣನವರು ಗುಟ್ಟಾಗಿ ಹೊನ್ನನ್ನು ಇಟ್ಟುಬರಲು, ಆತನು ಅದನ್ನು ತನ್ನದೆಂದು ಇಟ್ಟುಕೊಳ್ಳಲಿಲ್ಲವೆಂಬ ಕಥೆಯೂ ಇದೇ ಜಾತಿಯದು. ಎರಡು ಕಡೆಗಳಲ್ಲಿಯೂ ಸಂಪಾದನೆಯು ನಿಂದ್ಯವಾಗಿಲ್ಲ. ಕಟ್ಟಿಗೆಯನ್ನು ಮಾರಿ ಬೆಲೆ ಪಡೆಯುವುದು ಕಾಯಕವೇ. ದುಡಿಯದೆ ಬಂದ ಹೊನ್ನೂ ಅಗತ್ಯವನ್ನು ಮೀರಿದ ಅಕ್ಕಿಯೂ ಮಾತ್ರ ಅಗ್ರಾಹ್ಯ. ಕಾಯಕದಿಂದ ಬಂದುದು ದಾಸೋಹಕ್ಕೆ ಹರಿಯಬೇಕು. ಹರಿಯುವ ಹಣಕ್ಕೆ ಮೈಲಿಗೆಯಿಲ್ಲ, ನಿಂತ ಹಣಕ್ಕೆ ಉಂಟು ಎಂಬುದೇ ಶರಣರ ಅರ್ಥನೀತಿಯ ಸಾರವೆನ್ನಬಹುದು.

ಪುರಾಣಕಾರರು ಈ ಸೂಕ್ಷ್ಮವನ್ನು ಪೂರ್ಣವಾಗಿ ಉಳಿಸಿಕೊಂಡಂತೆ ತೋರುವುದಿಲ್ಲ. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದಲ್ಲಿ ಬಸವಣ್ಣನವರ ಮೇಲೆ ಅರಸನ ದ್ರವ್ಯವನ್ನು ಜಂಗಮರಿಗೆ ಸೂರೆಮಾಡಿದರೆಂಬ ದೂರು ಬರುತ್ತದೆ. ಭಂಡಾರವನ್ನು ಎಣಿಸಿನೋಡಲು ಒಂದು ಹೊನ್ನೂ ಕಡಿಮೆಯಾಗಿರುವುದಿಲ್ಲ. ಭಕ್ತರ ಮನಸ್ಸಿಗೆ ಇದು ಆಹ್ಲಾದಕರವಾದ ಪವಾಡ. ಆದರೆ ವಿಮರ್ಶೆಯ ದೃಷ್ಟಿಯಿಂದ ನೋಡಿದಲ್ಲಿ ಪವಾಡವು ಪ್ರಶ್ನೆಯನ್ನು ಪರಿಹರಿಸುವುದಿಲ್ಲ, ಮರೆಮಾಡುತ್ತದೆ. ಕೊಟ್ಟರೂ ಮುಗಿಯದ ಭಂಡಾರದಲ್ಲಿ ಕೊಡುವುದು ಕಷ್ಟವಲ್ಲ. ಪರರ ದ್ರವ್ಯವನ್ನು ಕಾಯುವವನು ಸ್ವಂತದ ನಾಳೆಯನ್ನು ತೊರೆಯುವುದು ಕಷ್ಟ. ವಚನವು ನಿಂತಿರುವುದು ಈ ಎರಡನೆಯ ನೆಲೆಯಲ್ಲಿ.

16ನೆಯ ಶತಮಾನದ ಪುರಂದರದಾಸರಲ್ಲಿ ದೃಷ್ಟಿಯು ಬೇರೆಯಾಗುತ್ತದೆ. ಬಸವಣ್ಣನವರು ಭಂಡಾರದಲ್ಲಿದ್ದುಕೊಂಡೇ ಮಾತನಾಡಿದರು. ದಾಸರು ಅಂಗಡಿಯನ್ನು ಬಿಟ್ಟುಬಂದು ಮಾತನಾಡಿದರು. ಆದರೂ ಅಂಗಡಿಯ ಭಾಷೆಯು ಅವರ ನಾಲಗೆಯನ್ನು ಬಿಡಲಿಲ್ಲ. ಹರಿನಾಮವನ್ನು ಕಲ್ಲುಸಕ್ಕರೆಯೆಂದು ಕೂಗಿ ಮಾರುವ ಕೀರ್ತನೆಯಲ್ಲಿ ಎತ್ತಿನ ಹೇರು, ಗೋಣಿ, ಬಾಡಿಗೆ, ಸುಂಕ ಎಲ್ಲವೂ ಬರುತ್ತವೆ. ಈ ಸರಕಿಗೆ ಅವು ಯಾವುವೂ ಬೇಡವೆಂದು ಹೇಳುವುದಕ್ಕಾಗಿ ಬರುತ್ತವೆ. ವರ್ತಕನ ತೊಂದರೆಗಳನ್ನು ಬಲ್ಲವನಿಗಲ್ಲದೆ ಈ ನಿಷೇಧಗಳ ಸರಣಿಯು ಹೊಳೆಯದು.

ಅವರ ಅಂಕಿತದಲ್ಲಿ ಪ್ರಚಾರದಲ್ಲಿರುವ ಇನ್ನೊಂದು ಕೀರ್ತನೆಯು ಹಣವನ್ನೇ ಸಂಬೋಧಿಸಿ ಅದರ ಗುಣವನ್ನು ಬಣ್ಣಿಸುತ್ತದೆ. ಹಣವಿಲ್ಲದವನು ಹೆಣಕ್ಕೆ ಸಮಾನ. ಅದು ಬೇಕಾದ ವಸ್ತುಗಳನ್ನು ಇದ್ದೆಡೆಗೇ ತರಿಸುತ್ತದೆ. ಕುಲವಿಲ್ಲದವರನ್ನು ಕುಲದಲ್ಲಿ ಸೇರಿಸುತ್ತದೆ ಎಂದು ಅದರ ಭಾವ. ಇದನ್ನು ವ್ಯಾಜಸ್ತುತಿಯೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ಈ ನಿಂದೆಯಲ್ಲಿ ಒಂದು ಸತ್ಯಶೋಧನೆಯಿದೆ. ಹುಟ್ಟಿನಿಂದ ಬಂದ ಅಂತಸ್ತನ್ನು ಕರಗಿಸುವ ಶಕ್ತಿಯು ಹಣಕ್ಕುಂಟು ಎಂಬುದನ್ನು ಕೀರ್ತನೆಯು ಅಳುಕಿಲ್ಲದೆ ಒಪ್ಪುತ್ತದೆ. ಕುಲದ ಕಟ್ಟನ್ನು ಭಕ್ತಿಯಿಂದ ಬಿಡಿಸಲು ಶರಣರು ಶ್ರಮಪಟ್ಟರು. ಅದನ್ನೇ ಹಣವು ಯಾವ ಭಕ್ತಿಯೂ ಇಲ್ಲದೆ ಮಾಡಬಲ್ಲುದೆಂಬ ಅರಿವು ಇಲ್ಲಿ ವ್ಯಂಗ್ಯವಾಗಿ ಮೂಡಿದೆ. ಹಳೆಯ ಕಟ್ಟನ್ನು ಮುರಿದ ಹಣವು, ಇದ್ದವನು ಇಲ್ಲದವನು ಎಂಬ ಹೊಸ ಕಟ್ಟನ್ನು ಕಟ್ಟುತ್ತದೆ ಎಂಬುದನ್ನು ಹೆಣದ ಉಪಮಾನವು ಸೂಚಿಸುತ್ತದೆ.

ಇಷ್ಟಾದರೂ ಶರಣರ ನಿಯಮಕ್ಕೆ ಒಂದು ಮೇರೆಯುಂಟೆಂಬುದನ್ನು ಮರೆಸುವುದು ನ್ಯಾಯವಲ್ಲ. ಅಂದಂದಿನ ದುಡಿಮೆಯನ್ನು ಅಂದಂದೇ ಸವೆಯಿಸುವ ಬಾಳು ಅಕ್ಕಿ ಆಯುವವನಿಗೆ, ಕಟ್ಟಿಗೆ ಮಾರುವವನಿಗೆ ಒಪ್ಪುತ್ತದೆ. ಆದರೆ ಒಕ್ಕಲಿಗನು ಬೀಜವನ್ನು ಉಳಿಸದಿದ್ದರೆ ಮುಂದಿನ ಮಳೆಗೆ ಬಿತ್ತುವುದೇನು? ವರ್ತಕನು ಮೂಲಧನವನ್ನೆಲ್ಲ ಹಂಚಿಬಿಟ್ಟರೆ ಸರಕು ತರುವುದೆಂತು? ಗದ್ಯಾಣಗಳನ್ನು ಅಸಲಾಗಿಟ್ಟು ಅವುಗಳ ಬಡ್ಡಿಯಿಂದ ದೇವರ ನಂದಾದೀಪವನ್ನು ನಡೆಸಬೇಕೆಂದು ವಿಧಿಸುವ ಶಾಸನಗಳು ನಾಡಿನಲ್ಲಿವೆ. ಅಂಥಲ್ಲಿ ಭಕ್ತಿಯ ದೀಪವೇ ಕೂಡಿಟ್ಟ ಹಣದಿಂದ ಉರಿಯಿತು. ಕೂಡಿಡದವನು ಕಷ್ಟಕಾಲದಲ್ಲಿ ಸಾಲಕ್ಕೆ ಕೈಯೊಡ್ಡಬೇಕಾಗುತ್ತದೆ. ಸಾಲವನ್ನು ತರುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಸರ್ವಜ್ಞನು ತ್ರಿಪದಿಯಲ್ಲಿ ಮನಮುಟ್ಟುವಂತೆ ಹೇಳಿದ್ದಾನೆ. ಆಸೆಯಿಂದ ಕೂಡಿಡುವುದಕ್ಕೂ ಹೊಣೆಯಿಂದ ಕಾದಿಡುವುದಕ್ಕೂ ಇರುವ ಅಂತರವನ್ನು ಆಯ್ದಕ್ಕಿಯ ಕಥೆಯು ಬಿಡಿಸಿ ಹೇಳುವುದಿಲ್ಲ.

ಆದರೆ ಆ ಅಂತರವು ಬಸವಣ್ಣನವರ ಬಾಳಿನಲ್ಲಿಯೇ ಅಡಗಿದೆ. ಅರಸನ ಭಂಡಾರವನ್ನು ಅವರು ಕಾದರು. ತಮ್ಮದೆಂಬ ಭಂಡಾರವನ್ನು ಕಟ್ಟಲಿಲ್ಲ. ಸಮುದಾಯಕ್ಕಾಗಿ ಕಾದಿಡುವ ಹಣವೂ ಒಂದರ್ಥದಲ್ಲಿ ಹರಿಯುವ ಹಣವೇ. ಕೆರೆಯಲ್ಲಿ ನಿಂತ ನೀರು ತೂಬಿನ ಮೂಲಕ ಗದ್ದೆಗೆ ಹರಿಯುವಂತೆ ಅದು ತಕ್ಕ ಕಾಲದಲ್ಲಿ ಹೊರಡಬೇಕು. ತೂಬನ್ನು ಮುಚ್ಚಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನನ್ನು ಮಾತ್ರ ಶರಣರೂ ದಾಸರೂ ಒಂದೇ ದನಿಯಲ್ಲಿ ಖಂಡಿಸಿದ್ದಾರೆ. ಈ ಸಾಹಿತ್ಯವನ್ನು ವೈರಾಗ್ಯದ ಕಪಾಟಿನಲ್ಲಿಟ್ಟು ಬೀಗ ಹಾಕುವ ವಿಮರ್ಶೆಯೂ ಒಂದು ಬಗೆಯ ಸಂಚಯವೇ ಸರಿ; ಅದನ್ನು ಲೋಕದ ವ್ಯವಹಾರದೊಳಕ್ಕೆ ಮರಳಿ ಚಲಾವಣೆಗೆ ತಂದಾಗಲೇ ಅದರ ನಿಜವಾದ ಬೆಲೆಯು ತಿಳಿಯುತ್ತದೆ.